ಸಿನಿಮಾ ಮುಗಿದ ಮೇಲೂ ಕೂರುವವರು

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಬಸವಕಲ್ಯಾಣದ ಮಗ್ಗುಲಲ್ಲಿ ಹಾದು, ಹುಮನಾಬಾದ್ ಮುಟ್ಟಿ, ಜಹೀರಾಬಾದಿನ ಕಡೆಗೆ ಸಾಗುತ್ತದೆ. 2016ರ ಬೇಸಿಗೆಯಲ್ಲಿ ತೆರೆಕಂಡ ಮರಾಠಿ ಚಿತ್ರ ‘ಸೈರಾಟ್’ನ ಕಥೆ ಈ ದಾರಿಯ ಒಂದು ತುದಿಯಲ್ಲಿ ಹುಟ್ಟಿ ಇನ್ನೊಂದು ತುದಿಯಲ್ಲಿ ಮುಗಿಯುತ್ತದೆ. ಸೊಲ್ಲಾಪುರ ಜಿಲ್ಲೆಯ ಕರಮಾಳದವರಾದ ನಾಗರಾಜ ಮಂಜುಳೆ ನಿರ್ದೇಶಿಸಿದ ಈ ಚಿತ್ರದಲ್ಲಿ ಪಾಟೀಲರ ಮನೆಯ ಹುಡುಗಿ ಆರ್ಚಿ, ಮೀನು ಹಿಡಿದು ಬದುಕುವ ಮನೆಯ ಹುಡುಗ ಪರ್ಶ್ಯಾನ ಜತೆ ಓಡಿಹೋಗಿ ಹೈದರಾಬಾದಿನಲ್ಲಿ ಸಂಸಾರ ಹೂಡುತ್ತಾಳೆ. ಗಡಿ ಭಾಗದವರಿಗೆ ಮರಾಠಿ ಅರ್ಥವಾಗಲು ಅನುವಾದ ಬೇಕಿಲ್ಲ. ಚಿತ್ರದ ‘ಝಿಂಗಾಟ್’ ಹಾಡಿಗೆ ಗಡಿಯ ಈಚೆಗಿನ ಮದುವೆ ಬರಾತ್‌ಗಳೂ ಕುಣಿದವು. ಆದರೆ ಚಿತ್ರದ ಕಡೆಯ ದೃಶ್ಯದ ಬಗ್ಗೆ ಮಾತಾಡಿದವರು ಕಡಿಮೆ. ಉಡುಗೊರೆ ಹಿಡಿದು ಬಂದ ಅಣ್ಣನ ಕಡೆಯವರು ಗಂಡ ಹೆಂಡತಿಯನ್ನು ಕೊಂದು ಹೋಗಿರುತ್ತಾರೆ. ನೆರೆಮನೆಯಿಂದ ಬಂದ ಕೂಸು ಅಪ್ಪ ಅಮ್ಮನ ರಕ್ತ ತುಳಿದು ಹೊರಗೆ ನಡೆಯುತ್ತದೆ. ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಹಾಡಿ ಕುಣಿಸಿದ ಚಿತ್ರದಲ್ಲಿ ಆಗ ಒಂದು ಸದ್ದೂ ಇರುವುದಿಲ್ಲ.

ಈ ಕಥೆಯನ್ನು ಬಸವಕಲ್ಯಾಣದವರು ಮೊದಲ ಬಾರಿಗೆ ಕೇಳಿದ್ದಲ್ಲ. 12ನೆಯ ಶತಮಾನದಲ್ಲಿ ಇದೇ ಊರಿನಲ್ಲಿ, ಕಲಚೂರಿ ಬಿಜ್ಜಳನ ಆಳ್ವಿಕೆಯಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತೆಂದೂ, ಅದಕ್ಕಾಗಿ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದೂ ಶರಣರ ಕಥನಗಳು ಹೇಳುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಲ್ಯಾಣದಲ್ಲಿ ಹೆತ್ತವರು ಒಪ್ಪಿದ್ದರು, ಪ್ರಭುತ್ವ ಕೊಂದಿತು. ‘ಸೈರಾಟ್’ನ ಕಾಲಕ್ಕೆ ಕಾನೂನು ಆ ಮದುವೆಯನ್ನು ಒಪ್ಪುತ್ತದೆ, ಮನೆಯವರು ಕೊಲ್ಲುತ್ತಾರೆ. ಎಂಟುನೂರು ವರ್ಷಗಳಲ್ಲಿ ಕತ್ತಿ ಅರಸನ ಕೈಯಿಂದ ಅಣ್ಣನ ಕೈಗೆ ಬಂತು. ಹೀಗೆ ಹೋಲಿಸಿ ಯೋಚಿಸುವಂತೆ ಮಾಡುವ ಚಿತ್ರವೇ ಚಿಂತನೆಗೆ ಹಚ್ಚುವ ಚಿತ್ರ. ಅದಕ್ಕೆ ವಿದೇಶಿ ಮುದ್ರೆಯೇನೂ ಬೇಕಾಗಿಲ್ಲ. ಬರ್ಲಿನ್ ಚಿತ್ರೋತ್ಸವದಲ್ಲಿ ತೋರಿಸಿದ ‘ಸೈರಾಟ್’ ಅನ್ನು ನಾವು ಮದುವೆಯ ಹಾಡಿಗಷ್ಟೇ ಉಳಿಸಿಕೊಂಡೆವಲ್ಲ, ಚರ್ಚೆಯಾಗಬೇಕಾದದ್ದು ಅದು.

‘ಟೈಂಪಾಸಿಗಿ ಪಿಚ್ಚರ್ ನೋಡ್ತೇವ್ರಿ, ತಲಿ ಕೆಡಸ್ಕೊಳ್ಳಲಾಕ್ ಅಲ್ಲ’ ಎಂಬ ಮಾತು ನಮ್ಮ ಕಡೆ ಹೊಸದಲ್ಲ, ತಪ್ಪೂ ಅಲ್ಲ. ದಿನವಿಡೀ ಹೊಲದಲ್ಲೋ ಅಂಗಡಿಯಲ್ಲೋ ದಣಿದವರಿಗೆ ಎರಡು ತಾಸಿನ ಮನರಂಜನೆ ಸಲ್ಲಬೇಕು. ತೊಂದರೆ ಇರುವುದು ಇನ್ನೊಂದು ಕಡೆ. ‘ದೊಡ್ಡವರ ಚಿತ್ರ’ ಎಂದರೆ ನಮಗೆ ತಟ್ಟನೆ ಹೊಳೆಯುವುದು ‘ಎ’ ಸರ್ಟಿಫಿಕೇಟು. ಹಿಂದೆ ಸಣ್ಣ ಊರುಗಳ ಟಾಕೀಸುಗಳಲ್ಲಿ ಬೆಳಗಿನ ಆಟಕ್ಕೆ ಬರುತ್ತಿದ್ದ ‘ಇಂಗ್ಲಿಷ್ ಪಿಚ್ಚರ್’ಗಳು ಆ ಅಕ್ಷರಕ್ಕೆ ಅಂಟಿಸಿದ ಕಲೆ ಇನ್ನೂ ಹೋಗಿಲ್ಲ. ಕಾನೂನಿನ ಲೆಕ್ಕ ಸರಳ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ‘ಎ’ ಎಂದರೆ 18 ತುಂಬಿದವರಿಗೆ ಮಾತ್ರ. 1983ರಲ್ಲಿ ‘ಯು/ಎ’ ಸೇರಿತು. 2023ರ ತಿದ್ದುಪಡಿ ಅದನ್ನು 7, 13 ಮತ್ತು 16 ವರ್ಷ ಎಂದು ಮೂರು ಮೆಟ್ಟಿಲು ಮಾಡಿತು. ಈ ಅಕ್ಷರಗಳು ಯಾರು ಒಳಗೆ ಬರಬಹುದು ಎಂದು ಹೇಳುತ್ತವೆಯೇ ಹೊರತು ಒಳಗೆ ಬಂದವನು ಎಷ್ಟು ಬೆಳೆದಿದ್ದಾನೆ ಎಂದು ಹೇಳುವುದಿಲ್ಲ. ಸೆನ್ಸಾರಿನ ಅಳತೆ ಬೇರೆ, ಚಿತ್ರದ ಬೆಲೆ ಬೇರೆ ಎಂಬುದಕ್ಕೆ ಉದಾಹರಣೆ ಕನ್ನಡದಲ್ಲೇ ಇದೆ. ಅನಂತಮೂರ್ತಿಯವರ ಕಾದಂಬರಿ ಆಧರಿಸಿ ಪಟ್ಟಾಭಿರಾಮ ರೆಡ್ಡಿ ಮಾಡಿದ ‘ಸಂಸ್ಕಾರ’ಕ್ಕೆ ಸೆನ್ಸಾರ್ ಮೊದಲು ತಡೆ ಒಡ್ಡಿತು. ಅದೇ ಚಿತ್ರ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು.

ಹಾಗಾದರೆ ಬೆಳೆದ ಪ್ರೇಕ್ಷಕನಿಂದ ಇಂಥ ಚಿತ್ರ ಏನು ಕೇಳುತ್ತದೆ? ಇರಾನಿನ ಅಸ್ಗರ್ ಫರ್ಹಾದಿ ನಿರ್ದೇಶಿಸಿದ ‘ಎ ಸೆಪರೇಷನ್’ ನೋಡಿದರೆ ತಿಳಿಯುತ್ತದೆ. 2011ರಲ್ಲಿ ಬರ್ಲಿನ್‌ನ ಚಿನ್ನದ ಕರಡಿ, ಮರುವರ್ಷ ಆಸ್ಕರ್ ಪಡೆದ ಚಿತ್ರ ಇದು. ಮೊದಲ ದೃಶ್ಯದಲ್ಲಿ ಗಂಡ ಹೆಂಡತಿ ನ್ಯಾಯಾಧೀಶರ ಮುಂದೆ ಕೂತು ವಿಚ್ಛೇದನದ ವಾದ ಹೂಡುತ್ತಾರೆ. ನ್ಯಾಯಾಧೀಶರ ದನಿ ಕೇಳುತ್ತದೆ, ಮುಖ ಕಾಣುವುದಿಲ್ಲ. ಇಬ್ಬರೂ ನಮ್ಮ ಕಡೆ ತಿರುಗಿ ಮಾತಾಡುತ್ತಾರೆ. ನಿರ್ದೇಶಕ ನಮ್ಮನ್ನು ತೀರ್ಪಿನ ಕುರ್ಚಿಯಲ್ಲಿ ಕೂರಿಸಿಬಿಟ್ಟಿದ್ದಾನೆ. ಹೆಂಡತಿಗೆ ಮಗಳ ಭವಿಷ್ಯಕ್ಕಾಗಿ ದೇಶ ಬಿಡಬೇಕು. ಗಂಡನಿಗೆ ಮರೆವಿನ ರೋಗದ ತಂದೆಯನ್ನು ಬಿಟ್ಟು ಹೋಗಲಾಗದು. ಮುದುಕನನ್ನು ನೋಡಿಕೊಳ್ಳಲು ಬಂದ ಬಡ ಹೆಂಗಸಿಗೆ, ಬಟ್ಟೆಯಲ್ಲೇ ಮಾಡಿಕೊಂಡ ಪರಪುರುಷನನ್ನು ತೊಳೆಯುವುದು ಪಾಪವೋ ಅಲ್ಲವೋ ಎಂಬ ಭಯ. ಫೋನ್ ಮಾಡಿ ಧರ್ಮಜ್ಞರನ್ನು ಕೇಳುತ್ತಾಳೆ. ಆಮೇಲೆ ಒಂದು ತಳ್ಳಾಟ, ಒಂದು ಗರ್ಭಪಾತ, ಒಂದು ಕೋರ್ಟು ಕೇಸು. ಎಲ್ಲರೂ ಸ್ವಲ್ಪ ಸ್ವಲ್ಪ ಸುಳ್ಳು ಹೇಳುತ್ತಾರೆ, ಪ್ರತಿಯೊಬ್ಬರ ಸುಳ್ಳಿಗೂ ನಾವು ಒಪ್ಪುವಂಥ ಕಾರಣ ಇರುತ್ತದೆ. ಖಳನಾಯಕ ಇಲ್ಲವೇ ಇಲ್ಲ. ಕಡೆಗೆ ಅಪ್ಪನ ಜತೆಗೋ ಅಮ್ಮನ ಜತೆಗೋ ಎಂಬ ಮಗಳ ನಿರ್ಧಾರವನ್ನು ನಮಗೆ ಕೇಳಿಸದೆ ಚಿತ್ರ ಮುಗಿಯುತ್ತದೆ.

‘ಕೊನೀಗಿ ಏನಾಯ್ತು ಅಂತ ಹೇಳಲೇ ಇಲ್ಲಲ್ಲ’ ಎಂದು ರೇಗುವುದು ಸಹಜ. ಅದೇ ರೇಗಾಟ ಆ ಚಿತ್ರದ ಕೆಲಸ ಆರಂಭವಾದ ಗುರುತು. ಬೆಳೆದ ಪ್ರೇಕ್ಷಕನಿಗೆ ಬೇಕಾದ ಮೊದಲ ಶಕ್ತಿ, ತೀರ್ಪನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುವುದು. ಎರಡನೆಯದು, ತನಗೆ ಇಷ್ಟವಾಗದ ಪಾತ್ರದ ಕಡೆಯಿಂದಲೂ ಒಮ್ಮೆ ವಾದ ಮಾಡಿ ನೋಡುವುದು. ಅಕಿರಾ ಕುರೊಸಾವಾ 1950ರಲ್ಲೇ ‘ರಾಶೋಮನ್’ನಲ್ಲಿ ಒಂದೇ ಅಪರಾಧವನ್ನು ನಾಲ್ಕು ಬಾಯಲ್ಲಿ ನಾಲ್ಕು ಬಗೆಯಾಗಿ ಹೇಳಿಸಿ ಈ ಪಾಠ ಆರಂಭಿಸಿದ್ದ. ಮೂರನೆಯದು ಪುರುಸೊತ್ತು. ಹೊಡೆದಾಟದ ಲಯಕ್ಕೆ ಒಗ್ಗಿದ ಕಣ್ಣಿಗೆ ಈ ಚಿತ್ರಗಳ ಮೊದಲ ಇಪ್ಪತ್ತು ನಿಮಿಷ ನಿಧಾನ ಎನಿಸುತ್ತದೆ. ತಡೆದು ಕೂತವರಿಗೆ ಮುಂದಿನ ದಾರಿ ತಾನಾಗಿ ತೆರೆಯುತ್ತದೆ.

ದೂರದ ಚಿತ್ರ ನಮ್ಮೂರಿನ ಬಾಗಿಲಿಗೆ ಹೇಗೆ ಬರುತ್ತದೆ ಎಂಬುದಕ್ಕೆ ಆಫ್ರಿಕಾದ ಉದಾಹರಣೆ ಕೊಡುತ್ತೇನೆ. ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಮೊದಲು ಕಾದಂಬರಿಕಾರ. ತನ್ನ ಜನರಲ್ಲಿ ಬಹುಪಾಲು ಮಂದಿಗೆ ಓದು ಬಾರದು ಎಂದು ಕಂಡುಕೊಂಡು ಸಿನಿಮಾಕ್ಕೆ ಬಂದವನು. ಎಂಬತ್ತು ದಾಟಿದ ಮೇಲೆ, 2004ರಲ್ಲಿ, ‘ಮೂಲಾದೆ’ ಎಂಬ ಚಿತ್ರ ಮಾಡಿದ. ಪಶ್ಚಿಮ ಆಫ್ರಿಕಾದ ಒಂದು ಹಳ್ಳಿ. ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಶಾಸ್ತ್ರಕ್ಕೆ ಹೆದರಿ ನಾಲ್ಕು ಹುಡುಗಿಯರು ಓಡಿಬಂದು ಕೋಲೆ ಎಂಬ ಹೆಂಗಸಿನ ಆಸರೆ ಕೇಳುತ್ತಾರೆ. ತನ್ನ ಸ್ವಂತ ಮಗಳಿಗೆ ಆ ಶಾಸ್ತ್ರ ಮಾಡಿಸಲು ಒಪ್ಪದಿದ್ದವಳು ಅವಳು. ಆಕೆ ಬಾಗಿಲಿಗೆ ಅಡ್ಡಲಾಗಿ ಬಣ್ಣದ ಹಗ್ಗವೊಂದನ್ನು ಕಟ್ಟುತ್ತಾಳೆ, ಅಷ್ಟೇ. ಅಭಯದ ಆ ಹಗ್ಗವನ್ನು ಅವಳಾಗಿ ಬಿಡಿಸುವವರೆಗೆ ಯಾರೂ ದಾಟುವಂತಿಲ್ಲ, ಇದು ಊರಿನ ಹಳೆಯ ಕಟ್ಟಳೆ. ಒಂದು ಸಂಪ್ರದಾಯವನ್ನು ಮುರಿಯಲು ಅವಳು ಇನ್ನೊಂದು ಸಂಪ್ರದಾಯವನ್ನೇ ಆಯುಧ ಮಾಡಿಕೊಂಡಳು. ಗಂಡಸರು ಮಾಡಿದ್ದೇನು? ಹೆಂಗಸರ ತಲೆ ಕೆಡಿಸಿದ್ದು ರೇಡಿಯೋ ಎಂದು ತೀರ್ಮಾನಿಸಿ, ಊರಿನ ರೇಡಿಯೋಗಳನ್ನೆಲ್ಲ ಮಸೀದಿಯ ಮುಂದೆ ರಾಶಿ ಹಾಕಿ ಸುಟ್ಟರು. ಗಂಡನ ಕೈಗೆ ಚಾಟಿ ಕೊಟ್ಟು ಊರ ನಡುವೆ ಅವಳನ್ನು ಹೊಡೆಸಿದರು. ಅವಳು ಬಾಯಿ ಬಿಡಲಿಲ್ಲ.

ಈ ಚಿತ್ರವನ್ನು ಬೀದರ್ ಸೀಮೆಯ ಹೆಂಗಸರು ಒಟ್ಟಾಗಿ ನೋಡಿದರೆ ಚರ್ಚೆ ಆಫ್ರಿಕಾದಲ್ಲಿ ನಿಲ್ಲುವುದಿಲ್ಲ. ಎಳೆ ವಯಸ್ಸಿನ ಮದುವೆ, ಮುಟ್ಟಿನ ಮಡಿ, ಮುಳ್ಳಿನಂಥ ಮರ್ಯಾದೆಯ ಮಾತು, ಹುಡುಗಿಯ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಪಂಚಾಯಿತಿ ಎಲ್ಲವೂ ಮಾತಿಗೆ ಬರುತ್ತವೆ. ಕಲ್ಯಾಣದ ನೆಲದಲ್ಲಿ ಹೆಂಗಸರು ಎದ್ದುನಿಂತು ಪ್ರಶ್ನೆ ಕೇಳಿದ್ದು ಹೊಸತೇನಲ್ಲ. 15ನೆಯ ಶತಮಾನದಲ್ಲಿ ಸಂಕಲನಗೊಂಡ ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭು ಅಕ್ಕಮಹಾದೇವಿಯನ್ನು ಸಭೆಯ ನಡುವೆ ಮೊನಚು ಪ್ರಶ್ನೆಗಳಿಂದ ಪರೀಕ್ಷಿಸುತ್ತಾನೆ, ಅವಳು ಒಂದೊಂದಕ್ಕೂ ಎದುರು ನಿಂತು ಉತ್ತರಿಸುತ್ತಾಳೆ. ಆ ಗ್ರಂಥ ಉದ್ದಕ್ಕೂ ಸಂವಾದವೇ. ನೋಡಿದ್ದನ್ನು, ನಂಬಿದ್ದನ್ನು ಎಲ್ಲರೆದುರು ಒರೆಗೆ ಹಚ್ಚುವ ಪದ್ಧತಿ ಈ ಊರಿನ ಹೆಸರಿನಲ್ಲೇ ನಿಂತಿದೆ.

ಹಾಗಿದ್ದೂ ಕಲ್ಯಾಣದ ಕಥೆಗೆ ಅಂಥ ಒಂದು ಸಿನಿಮಾ ಸಿಕ್ಕಿಲ್ಲ. ರಂಗಭೂಮಿಗೆ ಸಿಕ್ಕಿದೆ. ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಗಿರೀಶ ಕಾರ್ನಾಡರ ‘ತಲೆದಂಡ’ ಮೂರೂ ಒಂದೇ ಘಟನೆಯನ್ನು ಮೂರು ಕಡೆಯಿಂದ ನೋಡುತ್ತವೆ. ಮಂಡಲ್ ವರದಿ, ರಾಮಮಂದಿರಗಳ ಗದ್ದಲದ 1990ರಲ್ಲಿ ಬಂದ ‘ತಲೆದಂಡ’ ಹಿಂದಿಯಲ್ಲಿ ‘ರಕ್ತ ಕಲ್ಯಾಣ’ವಾಗಿ ದೆಹಲಿಯ ರಂಗಕ್ಕೂ ಏರಿತು. ಸಿನಿಮಾದಲ್ಲಿ ನಮಗಿರುವುದು 1959ರ ‘ಜಗಜ್ಯೋತಿ ಬಸವೇಶ್ವರ’ ಮತ್ತು 1983ರ ‘ಕ್ರಾಂತಿಯೋಗಿ ಬಸವಣ್ಣ’. ಎರಡೂ ಭಕ್ತಿಯಿಂದ ಮಾಡಿದ ಚಿತ್ರಗಳು. ಕೈಮುಗಿಯುವವನಿಗೆ ಅವು ಸಾಕು. ಬಿಜ್ಜಳನ ಇಕ್ಕಟ್ಟು ಏನಿತ್ತು, ಮದುವೆಗೆ ಒಪ್ಪಿದ ತಾಯಂದಿರು ಆ ರಾತ್ರಿ ಏನು ಮಾತಾಡಿಕೊಂಡಿರಬಹುದು, ಚಳವಳಿಯೊಳಗೇ ಭಿನ್ನಮತ ಇತ್ತೇ ಎಂದು ಕೇಳುವವನಿಗೆ ಇನ್ನೊಂದು ಚಿತ್ರ ಬೇಕು.

ಅದು ಹೇಗಿರಬಹುದು ಎಂದು ತಿಳಿಯಲು ಡೆನ್ಮಾರ್ಕಿನ ಕಾರ್ಲ್ ಡ್ರೆಯರ್ 1928ರಲ್ಲಿ ಫ್ರಾನ್ಸಿನಲ್ಲಿ ಮಾಡಿದ ‘ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’ ನೋಡಬೇಕು. 1431ರಲ್ಲಿ ಸುಟ್ಟು ಕೊಲ್ಲಲಾದ ಹುಡುಗಿಯ ವಿಚಾರಣೆಯ ದಾಖಲೆಗಳನ್ನೇ ಆಧಾರ ಮಾಡಿಕೊಂಡ ಮೂಕಿಚಿತ್ರ. ಯುದ್ಧ ಇಲ್ಲ, ಕುದುರೆ ಇಲ್ಲ, ವೈಭವದ ದರ್ಬಾರಿಲ್ಲ. ಉದ್ದಕ್ಕೂ ಮುಖಗಳು. ಬಣ್ಣ ಹಚ್ಚದ ಮುಖದ ಫಾಲ್ಕನೆಟ್ಟಿ ಎಂಬ ನಟಿಯ ಕಣ್ಣು, ಸುತ್ತ ಪ್ರಶ್ನೆ ಕೇಳುವ ಪಾದ್ರಿಗಳ ಬಾಯಿ. ನಿನಗೂ ದೇವರಿಗೂ ನಡುವೆ ನಾವಿಲ್ಲದೆ ಮಾತುಕತೆ ಹೇಗೆ ಸಾಧ್ಯ ಎಂಬುದೇ ಅವರ ಸಿಟ್ಟು. ನಡುವಿನ ಪೂಜಾರಿಯನ್ನು ಬೇಡವೆಂದ ಶರಣರ ಊರಿನವರಿಗೆ ಈ ಸಿಟ್ಟು ಅಪರಿಚಿತವಲ್ಲ. ಈ ಚಿತ್ರದ ಮೂಲ ನೆಗೆಟಿವ್ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ದಶಕಗಳ ಮೇಲೆ, 1981ರಲ್ಲಿ, ಓಸ್ಲೋ ಬಳಿಯ ಮಾನಸಿಕ ಆಸ್ಪತ್ರೆಯೊಂದರಲ್ಲಿ ಅದರ ಒಳ್ಳೆಯ ಪ್ರತಿ ಸಿಕ್ಕಿತು. ಇಂದು ಜಗತ್ತು ನೋಡುತ್ತಿರುವುದು ಅದನ್ನೇ.

ಇಂಥವು ದೊಡ್ಡ ದೇಶದವರಿಗೆ ಮಾತ್ರ ಸಾಧ್ಯ ಎನ್ನುವವರಿಗೆ ನಮ್ಮ ಕಲ್ಯಾಣ ಕರ್ನಾಟಕದ್ದೇ ಉತ್ತರವಿದೆ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಗ್ರಾಮದಲ್ಲಿ, ಅಲ್ಲಿಯ ಜನರನ್ನೇ ನಟರಾಗಿಸಿ ಜೈಶಂಕರ್ ಆರ್ಯರ್ ‘ಶಿವಮ್ಮ’ ಚಿತ್ರ ಮಾಡಿದರು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸೊಬ್ಬಳು, ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು. ಆರೋಗ್ಯದ ಪುಡಿ ಮಾರಿ ದುಡ್ಡು ಮಾಡುವ ಸರಪಳಿ ವ್ಯಾಪಾರಕ್ಕೆ ಅವಳು ಕೈಹಾಕುತ್ತಾಳೆ. ನೆರೆಯವರಿಗೂ ನೆಂಟರಿಗೂ ಮಾರುತ್ತಾಳೆ. ಆಸೆ ಯಾವುದು, ಮೋಸ ಯಾವುದು ಎಂಬ ಗೆರೆ ಅಳಿಸಿಹೋಗುತ್ತದೆ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಅದಕ್ಕೆ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಬಂತು. ಸರಪಳಿ ವ್ಯಾಪಾರದಲ್ಲಿ ದುಡ್ಡು ಕಳಕೊಂಡವರು ನಮ್ಮ ಯಾವ ತಾಲ್ಲೂಕಿನಲ್ಲಿಲ್ಲ? ಬೂಸಾನಿನವರು ಕೂತು ನೋಡಿದ ನಮ್ಮ ಕಥೆಯನ್ನು ಹುಮನಾಬಾದಿನಲ್ಲಿ ಒಟ್ಟಾಗಿ ಕೂತು ನೋಡಲು ಒಂದು ಏರ್ಪಾಡು ಇಲ್ಲದಿರುವುದು ನಮ್ಮ ಕೊರತೆ.

ಏರ್ಪಾಡು ಕಷ್ಟವಲ್ಲ ಎಂದು ಹೆಗ್ಗೋಡು ತೋರಿಸಿ ಅರ್ಧ ಶತಮಾನವಾಯಿತು. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಎಂಬ ನಾಟಕ ಸಂಘ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಅದನ್ನು ಮುನ್ನಡೆಸಿದ ಕೆ.ವಿ. ಸುಬ್ಬಣ್ಣನವರು ಅಡಿಕೆ ಬೆಳೆಗಾರರಿಗೂ ಕೂಲಿಯವರಿಗೂ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರರಂಥ ಮೇಷ್ಟ್ರು ಅಲ್ಲಿಗೆ ಬಂದು ಸಿನಿಮಾ ನೋಡುವುದನ್ನು ಕಲಿಸಿದರು. ಭಾಷೆಯ ತೊಡಕನ್ನು ಸುಬ್ಬಣ್ಣ ಕನ್ನಡದಲ್ಲಿ ವಿವರಣೆ ಕೊಟ್ಟು ದಾಟಿಸಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗದು ಎಂಬ ಪಟ್ಟಣದವರ ನಂಬಿಕೆ ಅಲ್ಲಿ ಸುಳ್ಳಾಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಭಾಷೆಯ ವಿಷಯದಲ್ಲಿ ನಮ್ಮ ಸೀಮೆ ಹೆಗ್ಗೋಡಿಗಿಂತ ಒಂದು ಹೆಜ್ಜೆ ಮುಂದೆಯೇ ಇದೆ. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ನಾಲ್ಕೂ ಇಲ್ಲಿಯ ಸಂತೆಯಲ್ಲಿ ಓಡುತ್ತವೆ. ಹುಮನಾಬಾದ್ ಬಳಿಯ ಮಾಣಿಕನಗರದ ಮಾಣಿಕಪ್ರಭುಗಳು 19ನೆಯ ಶತಮಾನದಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪದ ಕಟ್ಟಿ, ಎಲ್ಲ ಮತಗಳೂ ಸಲ್ಲುವ ಸಕಲಮತ ಸಂಪ್ರದಾಯ ನಿಲ್ಲಿಸಿದವರು. ಇಂಥ ಕಡೆ ಚಿತ್ರದ ಕೆಳಗಿನ ಇಂಗ್ಲಿಷ್ ಸಾಲುಗಳು ಅಡ್ಡಿ ಎನ್ನುವುದು ನೆಪ. ಜಪಾನಿನಲ್ಲಿ ಮೂಕಿಚಿತ್ರಗಳ ಕಾಲಕ್ಕೆ ಪರದೆಯ ಪಕ್ಕ ನಿಂತು ಕಥೆ ನಿರೂಪಿಸುವ ‘ಬೆನ್ಶಿ’ಗಳಿದ್ದರು. ಕುರೊಸಾವಾನ ಅಣ್ಣನೇ ಅಂಥವನೊಬ್ಬ. ಶ್ರಾವಣದ ಪುರಾಣ ಪ್ರವಚನದಲ್ಲಿ ಒಬ್ಬರು ಓದಿ ಇನ್ನೊಬ್ಬರು ಬಿಡಿಸಿ ಹೇಳುವುದನ್ನು ಕೇಳುತ್ತ ಬೆಳೆದವರಿಗೆ ಈ ಕಲೆ ಕಲಿಸಬೇಕಿಲ್ಲ. ಚಿತ್ರಕ್ಕೆ ಮುನ್ನ ಹತ್ತು ನಿಮಿಷ ಕನ್ನಡದಲ್ಲಿ ಹಿನ್ನೆಲೆ ಹೇಳಿ, ಬೇಕಾದ ಕಡೆ ನಿಲ್ಲಿಸಿ ಮಾತು ಬಿಡಿಸಿದರೆ ಸಾಕು.

ಉಳಿದದ್ದು ಒಂದು ಪ್ರೊಜೆಕ್ಟರ್, ಬಿಳಿ ಗೋಡೆ, ಕಾಲೇಜಿನ ಹಾಲ್. ಭಾರತದ ಕಾಯ್ದೆಯಂತೆ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಹಳೆಯ ಅನೇಕ ಶ್ರೇಷ್ಠ ಚಿತ್ರಗಳು ಆ ಗಡಿ ದಾಟಿವೆ. ಹೊಸದಕ್ಕೆ ನಿರ್ಮಾಪಕರ ಅನುಮತಿ ಕೇಳಬೇಕು. 1959ರಲ್ಲಿ ಸತ್ಯಜಿತ್ ರಾಯ್ ಅಧ್ಯಕ್ಷತೆಯಲ್ಲಿ ಹುಟ್ಟಿದ ಫಿಲ್ಮ್ ಸೊಸೈಟಿಗಳ ಒಕ್ಕೂಟ ಇಂದಿಗೂ ಇದೆ, ಸೇರಿಕೊಂಡರೆ ದಾರಿ ಸಲೀಸು. ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವ 2006ರಿಂದ ನಡೆದುಬಂದಿದೆ ನಿಜ, ಆದರೆ ಅದು ಇಲ್ಲಿಂದ 600 ಕಿ.ಮೀ.ಗೂ ದೂರ. ಅದನ್ನು ನಡೆಸುವ ಕರ್ನಾಟಕ ಚಲನಚಿತ್ರ ಅಕಾಡೆಮಿ, ಪ್ರತಿ ವರ್ಷ ಉತ್ಸವ ಮುಗಿದ ಮೇಲೆ ಐದಾರು ಚಿತ್ರಗಳನ್ನು ಬೀದರ್ ಜಿಲ್ಲೆಗೂ ಕಳಿಸಿದರೆ ಬೊಕ್ಕಸವೇನೂ ಬರಿದಾಗದು.

ಮೊಬೈಲಿನಲ್ಲಿ ಎಲ್ಲ ಸಿಗುವಾಗ ಈ ಹಾಲ್, ಗೋಡೆ ಯಾಕೆ ಎನ್ನಬಹುದು. ಚಿತ್ರ ಸಿಗುತ್ತದೆ, ಜತೆ ಸಿಗುವುದಿಲ್ಲ. ಬೇಸರವಾದ ಕ್ಷಣಕ್ಕೆ ಬೆರಳು ಮುಂದಕ್ಕೆ ಜಾರಿಸುತ್ತದೆ. ಕಷ್ಟದ ಪ್ರಶ್ನೆ ಎದುರಾಗುವುದು ಬಹಳ ಸಲ ಅಂಥ ಕ್ಷಣದಲ್ಲೇ. ಜತೆಗೆ ಇಂಥ ಕೆಲವು ಚಿತ್ರಗಳಲ್ಲಿ ಹಿಂಸೆ, ದೇಹ, ಸಾವು ಮುಚ್ಚುಮರೆಯಿಲ್ಲದೆ ಬರುತ್ತವೆ. ಅವನ್ನು ತೋರಿಸುವವರು ಮೊದಲೇ ಅದನ್ನು ಹೇಳಿ, ಮಕ್ಕಳನ್ನು ಹೊರಗಿಟ್ಟು, ದೊಡ್ಡವರಿಗೆ ಎದ್ದುಹೋಗುವ ಸ್ವಾತಂತ್ರ್ಯ ಕೊಡಬೇಕು. ಒಂಟಿಯಾಗಿ ನೋಡಿ ಕಂಗೆಟ್ಟವನಿಗೆ ಇಲ್ಲದ ಆಸರೆ, ಒಟ್ಟಿಗೆ ನೋಡಿ ಮಾತಾಡುವವರಿಗೆ ಇರುತ್ತದೆ.

2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. 770 ಅಮರಗಣಂಗಳ ನೆನಪಿಗೆ 770 ಕಂಬಗಳು, 770 ಜನ ಕೂರುವ ಸಭಾಂಗಣ ಎಂದು ಆಗಿನ ಯೋಜನೆ ಹೇಳಿತ್ತು. ಕಂಬಗಳು ನಿಲ್ಲಲಿ. ಆ ಸಭಾಂಗಣದಲ್ಲಿ ಸನ್ಮಾನ, ಶಾಲು, ಹಾರಗಳ ಜತೆಗೆ ತಿಂಗಳಿಗೊಂದು ಚಿತ್ರ, ಚಿತ್ರಕ್ಕೊಂದು ಚರ್ಚೆ ನಡೆಯಲಿ ಎಂದು ಈಗಲೇ ಕೇಳಬೇಕಾದವರು ನಾವು. ಅಲ್ಲಿಯವರೆಗೆ ಕಾಯುವ ಅಗತ್ಯವೂ ಇಲ್ಲ. ಬಸವಕಲ್ಯಾಣ ಹುಮನಾಬಾದ್‌ಗಳ ಕಾಲೇಜು ಮೇಷ್ಟ್ರುಗಳು, ಮಹಿಳಾ ಸಂಘದವರು, ಮಠದ ಸ್ವಾಮಿಗಳು, ಉರ್ದು ಮುಶಾಯಿರಾ ನಡೆಸುವವರು ಹತ್ತು ಜನ ಸೇರಿದರೂ ಸಾಕು. ಮೊದಲ ಚಿತ್ರವಾಗಿ ‘ಶಿವಮ್ಮ’ ಇರಲಿ, ಎರಡನೆಯದು ‘ಮೂಲಾದೆ’, ಮೂರನೆಯದು ಡ್ರೆಯರ್‌ನ ಮೂಕಿ. ನಿಯಮ ಒಂದೇ ಇರಲಿ: ಚಿತ್ರ ಮುಗಿದ ಮೇಲೆ ಅರ್ಧ ತಾಸು ಯಾರೂ ಏಳಬಾರದು, ಮತ್ತು ಮೊದಲು ಮಾತಾಡುವವರು ವೇದಿಕೆಯವರಾಗಿರಬಾರದು.